ಸಜ್ಜಾದಡಿಯ ಗೆರೆ: ಕಾರವಾರದ ಸ್ಲ್ಯಾಬ್ ಮನೆಗಳ ನಡುವೆ ಎರಡು ಭಾನುವಾರ

ಮಳೆಗಾಲ ಮುಗಿದು, ಗೋಡೆಗಳ ಮೇಲಿನ ಹಸಿರು ಪಾಚಿ ಒಣಗಿ ಕಪ್ಪಾಗುವ ಅಕ್ಟೋಬರ್ ತಿಂಗಳು ಕಾರವಾರದ ಕಟ್ಟಡಗಳನ್ನು ನೋಡಲು ತಕ್ಕ ಕಾಲ. ನಾಲ್ಕು ತಿಂಗಳ ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು, ಕಿಟಕಿಯ ಮೇಲೆ ಹೊರಚಾಚಿದ ಯಾವ ಸಜ್ಜಾ ತನ್ನ ಕೆಳಗಿನ ಗೋಡೆಯನ್ನು ಕಾಯಿತು, ಯಾವುದು ಕೈಬಿಟ್ಟಿತು ಎಂಬ ಲೆಕ್ಕವೆಲ್ಲ ಆಗ ಗೋಡೆಗಳ ಮೇಲೆಯೇ ಕಾಣಸಿಗುತ್ತದೆ. ಕಳೆದ ಅಕ್ಟೋಬರಿನ ಎರಡು ಭಾನುವಾರ ಬೆಳಿಗ್ಗೆ ನಾನು ಗ್ರೀನ್ ಸ್ಟ್ರೀಟ್‌ನಿಂದ ಹೊರಟು, ಪಿಕಳೆ ರಸ್ತೆಯನ್ನು ಹಾದು, ಕಾಜುಬಾಗದ ಒಳರಸ್ತೆಗಳಲ್ಲಿ ಸುತ್ತಿ, ಕೋಡಿಬಾಗದವರೆಗೆ ನಡೆದದ್ದು ಈ ಲೆಕ್ಕವನ್ನು ಓದುವುದಕ್ಕಾಗಿಯೇ. ನೋಡಬೇಕೆಂದುಕೊಂಡದ್ದು ಗುಡಿಗಳನ್ನಲ್ಲ, ಬ್ರಿಟಿಷರ ಕಾಲದ ಬಂಗಲೆಗಳನ್ನೂ ಅಲ್ಲ. 1950ರಿಂದ 1975ರವರೆಗಿನ ಕಾಲು ಶತಮಾನದಲ್ಲಿ ಇಲ್ಲಿ ಎದ್ದ, ಊರವರು ಈಗಲೂ ‘ಸ್ಲ್ಯಾಬ್ ಮನೆ’ ಎಂದೇ ಕರೆಯುವ ಕಾಂಕ್ರೀಟಿನ ಮನೆಗಳನ್ನು.

ಜೊತೆಗೆ ಬಂದವರು ನಮ್ಮ ಕೇರಿಯ ಹಿರಿಯರೊಬ್ಬರು. ಹದಿನೈದನೆಯ ವಯಸ್ಸಿಗೆ ಗೌಂಡಿಗಳ ಕೈಕೆಳಗೆ ಕಲ್ಲು ಹೊರಲು ಸೇರಿದ ಅವರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಊರಿನಲ್ಲಿ ಮನೆ ಕಟ್ಟಿದ್ದಾರೆ. ಕೇರಿಯ ಮಕ್ಕಳೆಲ್ಲ ಅವರನ್ನು ಮಾಮಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ನಾನು ಸಿವಿಲ್ ಡಿಪ್ಲೊಮಾ ಓದಿ ಹದಿನೆಂಟು ವರ್ಷ ನಕ್ಷೆ ತೆಗೆಯುವ ಕೆಲಸ ಮಾಡಿದವಳಾದರೂ, ಕಾಗದದ ಮೇಲಿನ ಗೆರೆಯೊಂದು ಕಲ್ಲು ಗಾರೆಗಳಲ್ಲಿ ಹೇಗೆ ಮೈದಳೆಯುತ್ತದೆ ಎಂಬುದು ಅವರ ಪಕ್ಕದಲ್ಲಿ ನಿಂತು ನೋಡಿದಾಗಲೇ ನನಗೆ ಸರಿಯಾಗಿ ತಿಳಿಯಿತು.

ಸಾಹಿತ್ಯದಲ್ಲಿ ನಾವು ‘ನವ್ಯ’ ಎಂದು ಕರೆಯುವಂಥದ್ದಕ್ಕೆ ಕಟ್ಟಡಗಳ ಮಟ್ಟಿಗೆ ಕನ್ನಡದಲ್ಲಿ ಹೆಸರು ನೆಲೆಗೊಂಡಿಲ್ಲ. ನವ್ಯಕಾವ್ಯ ಹುಟ್ಟಿ ಬೆಳೆದ ದಶಕಗಳಲ್ಲೇ ನಮ್ಮ ಊರುಗಳಲ್ಲಿ ಹಂಚಿನ ಮಾಡು ಬಿಟ್ಟು ಚಪ್ಪಟೆ ತಾರಸಿಯ ಮನೆಗಳು ಬಂದವು. ಒಂದನ್ನು ಕುರಿತು ನೂರಾರು ವಿಮರ್ಶೆಗಳನ್ನು ಬರೆದೆವು, ಇನ್ನೊಂದರೊಳಗೆ ಸುಮ್ಮನೆ ವಾಸಮಾಡಿದೆವು. ಆ ಶೈಲಿಯ ಮೂಲತತ್ತ್ವ ಸರಳವಾದದ್ದು. ಸಿಮೆಂಟು ಮತ್ತು ಕಬ್ಬಿಣದ ಸರಳು ಕೂಡಿದರೆ ಭಾರವನ್ನು ಹೊರುವ ಕೆಲಸ ಗೋಡೆಯಿಂದ ಕಂಬಕ್ಕೆ ಹೋಗುತ್ತದೆ. ಗೋಡೆ ಹಗುರಾಗುತ್ತದೆ, ಕಿಟಕಿ ಬೇಕಾದಷ್ಟು ಅಗಲವಾಗಬಹುದು, ಮಾಡು ಚಪ್ಪಟೆಯಾಗಬಹುದು, ಮೇಲೆ ಅಂಟಿಸಿದ ಅಲಂಕಾರದ ಅಗತ್ಯವೇ ಇರುವುದಿಲ್ಲ. ಚಂಡೀಗಢದ ಕಟ್ಟಡಗಳಿಂದ ನಮಗೆ ಪರಿಚಿತನಾದ ಲ ಕಾರ್ಬೂಸಿಯೇ 1920ರ ದಶಕದಲ್ಲಿ ಇದನ್ನೇ ಐದು ಸೂತ್ರಗಳಾಗಿ ಹೇಳಿದ. ನೆಲದಿಂದ ಮೇಲೆತ್ತುವ ಕಂಬಗಳು, ತಾರಸಿಯ ಮೇಲೆ ತೋಟ, ಗೋಡೆಗಳನ್ನು ಬೇಕಾದಲ್ಲಿ ಹಾಕಿಕೊಳ್ಳುವ ಸ್ವಾತಂತ್ರ್ಯ, ಉದ್ದಕ್ಕೆ ಹರಿದ ಕಿಟಕಿ, ಭಾರದ ಹಂಗಿಲ್ಲದ ಮುಂಗೋಡೆ. ಈ ಐದರಲ್ಲಿ ಮೂರನ್ನಾದರೂ ಕಾಜುಬಾಗದ ಸಾಧಾರಣ ಮನೆಗಳಲ್ಲಿ ತೋರಿಸಬಹುದು.

ಆದರೆ ಇವು ಇಲ್ಲಿಗೆ ಬಂದದ್ದು ಚಂಡೀಗಢದಿಂದಲ್ಲ, ಮುಂಬಯಿಯಿಂದ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದಂದಿನಿಂದ 1956ರ ನವೆಂಬರ್ 1ರವರೆಗೆ, ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ, ಕಾರವಾರದವರಿಗೆ ರಾಜಧಾನಿ ಎಂದರೆ ಮುಂಬಯಿಯೇ ಆಗಿತ್ತು. ಓದು, ನೌಕರಿ, ಕೋರ್ಟು, ಆಸ್ಪತ್ರೆ ಎಲ್ಲಕ್ಕೂ ಅತ್ತಲೇ ಮುಖ. ಹಾಗೆ ಹೋದವರು ಅಲ್ಲಿ ಕಂಡದ್ದು ಮರೀನ್ ಡ್ರೈವ್‌ನ ದುಂಡುಮೂಲೆಯ ಬಾಲ್ಕನಿಗಳನ್ನು, 1933ರ ರೀಗಲ್ ಮತ್ತು 1938ರ ಇರೋಸ್ ಚಿತ್ರಮಂದಿರಗಳನ್ನು, ಕಿಟಕಿಗಳ ಮೇಲೆ ಹುಬ್ಬಿನಂತೆ ಎಳೆದ ಸಜ್ಜಾಗಳನ್ನು. ಆರ್ಟ್ ಡೆಕೊ ಎಂಬ ಶೈಲಿಯ ಆ ಕಟ್ಟಡಗಳ ಸಾಲು 2018ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ನೆನಪನ್ನು ಇಟ್ಟುಕೊಂಡು ಊರಿಗೆ ಹಣ ಕಳಿಸಿ ಕಟ್ಟಿಸಿದ ಮನೆಗಳು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಆರ್ಟ್ ಡೆಕೊ ಬೇರೆ, ನವ್ಯಶೈಲಿ ಬೇರೆ ಎಂದು ಶಾಸ್ತ್ರದಲ್ಲಿ ವಿಂಗಡಿಸುತ್ತಾರೆ. ಮೊದಲನೆಯದು ಅಲಂಕಾರವನ್ನು ಪೂರ್ತಿ ಬಿಟ್ಟುಕೊಟ್ಟದ್ದಲ್ಲ ಎಂಬುದು ನಿಜ. ನಮ್ಮ ಬೀದಿಗಳಲ್ಲಿ ಈ ಎರಡೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಬೆರೆತುಹೋಗಿವೆ, ಬೇರ್ಪಡಿಸಿ ನೋಡುವ ಅಗತ್ಯ ನನಗೆ ಕಂಡಿಲ್ಲ.

ಮೊದಲ ಭಾನುವಾರ ನಾವು ಹೆಚ್ಚು ಹೊತ್ತು ನಿಂತದ್ದು ಕಾಜುಬಾಗದ ತಿರುವೊಂದರಲ್ಲಿರುವ ಎರಡು ಅಂತಸ್ತಿನ ಮನೆಯ ಮುಂದೆ. ಕೆಳಗಿನ ಗೋಡೆ ಚಿರೆಕಲ್ಲಿನದು, ಗಿಲಾವು ಮಾಡಿದ್ದು. ಮೇಲಿನ ಬಾಲ್ಕನಿ ರಸ್ತೆಯ ತಿರುವಿಗೆ ಸರಿಯಾಗಿ ಬಾಗಿದೆ. ಬಾಲ್ಕನಿಯ ಹೊರಮೈಯ ಮೇಲೆ ಬೆರಳಗಲದ ಮೂರು ಉಬ್ಬುಗೆರೆಗಳು ಸಮಾನಾಂತರವಾಗಿ ಸುತ್ತಿಕೊಂಡು ಹೋಗಿವೆ. ಹಡಗು, ರೈಲುಗಳ ವೇಗವನ್ನು ಸೂಚಿಸಲು ಆ ಕಾಲದ ವಾಸ್ತುಶಿಲ್ಪಿಗಳು ಇಂಥ ಮೂರು ಗೆರೆಗಳನ್ನು ಎಲ್ಲೆಡೆಯೂ ಬಳಸುತ್ತಿದ್ದರು. ರೈಲು ಬರಲು 1990ರ ದಶಕದ ಕೊನೆಯವರೆಗೆ ಕಾಯಬೇಕಾಗಿದ್ದ ಊರಿನಲ್ಲಿ, ಸೇತುವೆಯಿಲ್ಲದ ಕಾಳಿ ನದಿಯನ್ನು ದೋಣಿಯಲ್ಲೇ ದಾಟುತ್ತಿದ್ದ ದಿನಗಳಲ್ಲಿ, ಯಾರೋ ತಮ್ಮ ಮನೆಯ ಮೇಲೆ ವೇಗದ ಗುರುತನ್ನು ಬರೆಸಿಕೊಂಡಿದ್ದರು ಎಂಬುದು ನನ್ನ ಮನಸ್ಸನ್ನು ತುಂಬ ತಟ್ಟಿತು.

ದುಂಡನೆಯ ಬಾಲ್ಕನಿಯನ್ನು ಹೇಗೆ ಎರಕ ಹೊಯ್ಯುತ್ತಿದ್ದರೆಂದು ಕೇಳಿದೆ. ಕಾಂಕ್ರೀಟಿಗೆ ಅಚ್ಚಾಗಿ ನಿಲ್ಲಿಸುವ ಸೆಂಟರಿಂಗ್ ಹಲಗೆಗಳು ನೇರವಾಗಿರುವುದರಿಂದ ಅವನ್ನು ಬಾಗಿಸಲಾಗುತ್ತಿರಲಿಲ್ಲ; ಅಂಗೈಯಷ್ಟು ಅಗಲದ ಪಟ್ಟಿಗಳನ್ನು ಸೀಳಿ, ಪೀಪಾಯಿಯ ಹಲಗೆಗಳಂತೆ ಒಂದರ ಪಕ್ಕ ಒಂದು ನಿಲ್ಲಿಸಿ, ಒಳಮೈಗೆ ತಗಡು ಬಡಿದು, ಅದರೊಳಗೆ ಕಾಂಕ್ರೀಟು ತುಂಬುತ್ತಿದ್ದರಂತೆ. ಉಬ್ಬುಗೆರೆಗಳನ್ನು ಆಮೇಲೆ ಗಿಲಾವಿನಲ್ಲಿ, ತಗಡನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಅಚ್ಚನ್ನು ಎಳೆದು ಮಾಡುತ್ತಿದ್ದರು. “ಎಳೆಯುವಾಗ ಉಸಿರು ಬಿಡಬಾರದು ಹೇಳ್ತಿದ್ರು ನಮ್ಮ ಮೇಸ್ತ್ರಿ. ಕೈ ನಡುಗಿದ್ರೆ ಗೆರೆ ನಡುಗ್ತದೆ, ತಂಗಿ” ಎಂದರು ಮಾಮಾ. ಆ ಗೆರೆಗಳಲ್ಲಿ ಒಂದು ಕಡೆ, ಮೂಲೆ ತಿರುಗುವಲ್ಲಿ, ಕೂದಲೆಳೆಯಷ್ಟು ಏರಿಳಿತವಿದೆ. ಅದನ್ನು ಅವರು ಬೆರಳಿಟ್ಟು ತೋರಿಸಿದರು.

ಅದೇ ಮನೆಯ ಕೆಳಗಿನ ಕಿಟಕಿಯ ಸಜ್ಜಾದ ಅಡಿಗೆ ಅವರು ನನ್ನ ಕೈಯನ್ನು ಹಿಡಿದು ತಾಗಿಸಿದರು. ಹೊರಅಂಚಿನಿಂದ ಎರಡು ಬೆರಳು ಒಳಗೆ, ಸಜ್ಜಾದ ಉದ್ದಕ್ಕೂ, ಕಿರುಬೆರಳು ಕೂರುವಷ್ಟು ಆಳದ ಒಂದು ತಗ್ಗುಗೆರೆ ಇತ್ತು. ಕೆಳಗಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ. ನೀರಿಗೆ ಅಂಟಿಕೊಳ್ಳುವ ಗುಣವಿರುವುದರಿಂದ ಸಜ್ಜಾದ ಮೇಲೆ ಬಿದ್ದ ಮಳೆ ಅಂಚಿನಲ್ಲಿ ಪೂರ್ತಿ ಉದುರಿಹೋಗದೆ, ಅಡಿಮೈಯನ್ನು ಹಿಡಿದುಕೊಂಡು ಒಳಕ್ಕೆ ಹರಿದು ಗೋಡೆಯನ್ನು ಸೇರುತ್ತದೆ. ದಾರಿಯಲ್ಲಿ ಈ ತಗ್ಗು ಎದುರಾದರೆ ಅದನ್ನು ಏರಿ ದಾಟಲಾರದೆ ಅಲ್ಲಿಯೇ ಹನಿಯಾಗಿ ಬೀಳುತ್ತದೆ. ಕಾಂಕ್ರೀಟು ಹೊಯ್ಯುವ ಮೊದಲು ಹಲಗೆಯ ಮೇಲೆ ಎಣ್ಣೆ ಸವರಿದ ಒಂದು ಸರಳನ್ನೋ ಸೀಳಿದ ಬಿದಿರನ್ನೋ ಇಟ್ಟು, ಆಮೇಲೆ ಎಳೆದು ತೆಗೆದರೆ ಈ ಗೆರೆ ಮೂಡುತ್ತದೆ. ಖರ್ಚಿಲ್ಲ, ಆದರೆ ಇಡಬೇಕೆಂಬ ನೆನಪು ಬೇಕು.

ಹಳೆಯ ಹಂಚಿನ ಮನೆಗಳಿಗೆ ಈ ಚಿಂತೆಯೇ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಇಳಿಜಾರು ಮಾಡು ಗೋಡೆಯಿಂದ ಎರಡು ಮೂರಡಿ ಹೊರಚಾಚಿ ನೀರನ್ನು ದೂರ ಎಸೆಯುತ್ತಿತ್ತು. ಪಡುವಣ ಗಾಳಿಯ ಎರಚಲಿಗೆ ಮೇ ತಿಂಗಳಲ್ಲೇ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಚಪ್ಪಟೆ ತಾರಸಿ ಬಂದಾಗ ಆ ದೊಡ್ಡ ಕೊಡೆ ಹೋಯಿತು. ಅದರ ಕೆಲಸವನ್ನು ಪ್ರತಿಯೊಂದು ಕಿಟಕಿಯೂ ತನ್ನ ಪಾಲಿಗೆ ತಾನೇ ಮಾಡಿಕೊಳ್ಳಬೇಕಾಯಿತು. ಕಾಜುಬಾಗದಲ್ಲಿ ಉತ್ತರಕ್ಕೆ ಮುಖಮಾಡಿದ ಕಿಟಕಿಗಳ ಸಜ್ಜಾ ಒಂದೂವರೆ ಅಡಿಯಾದರೆ, ಸಮುದ್ರದ ಕಡೆಯ ಕಿಟಕಿಗಳಿಗೆ ಎರಡೂವರೆ ಅಡಿಯ ಸಜ್ಜಾ, ಅದರ ಎರಡೂ ಬದಿಗೆ ಕಿವಿಗಳಂತೆ ನಿಂತ ಕಾಂಕ್ರೀಟಿನ ಪಟ್ಟಿಗಳು. ಚಂಡೀಗಢದಲ್ಲಿ ಬಿಸಿಲನ್ನು ತಡೆಯಲು ಬಳಸಿದಂಥ ಈ ಚೌಕಟ್ಟು ಇಲ್ಲಿ ಎರಚಲು ಮಳೆಯನ್ನು ತಡೆಯುತ್ತದೆ. ಮುಂಬಯಿಯ ನಕ್ಷೆಯಲ್ಲಿ ಅಂದಕ್ಕಾಗಿ ಇದ್ದದ್ದು ಕಾರವಾರದಲ್ಲಿ ಕೆಲಸಕ್ಕಾಗಿ ಉದ್ದವಾಯಿತು ಎಂಬುದೇ ನನಗೆ ಈ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸುವುದು. ಹೊರಗಿನಿಂದ ಬಂದ ಶೈಲಿಯನ್ನು ನಮ್ಮ ಗೌಂಡಿಗಳು ಹಾಗೆಯೇ ನಕಲು ಮಾಡಲಿಲ್ಲ. ಮಳೆಗೆ ಕೇಳಿ, ಮಳೆ ಒಪ್ಪಿದಷ್ಟನ್ನು ಮಾತ್ರ ಕಟ್ಟಿದರು.

ತಾರಸಿಯ ವಿಷಯದಲ್ಲಿ ಮಾತ್ರ ಮಳೆ ಒಪ್ಪಲಿಲ್ಲ. ಕಾರ್ಬೂಸಿಯೇಯ ಅತ್ಯಂತ ಪ್ರಸಿದ್ಧ ಮನೆ, ಪ್ಯಾರಿಸ್ ಹತ್ತಿರದ ಪುವಾಸ್ಸಿಯಲ್ಲಿ 1931ರಲ್ಲಿ ಮುಗಿದ ವಿಲ್ಲಾ ಸವೋಯ್, ಸೋರುತ್ತಿತ್ತು. ಹಜಾರದಲ್ಲಿ, ಮೇಲೇರುವ ಇಳಿಜಾರಿನ ಹಾದಿಯಲ್ಲಿ ಮಳೆ ನೀರು ಬೀಳುತ್ತಿದೆಯೆಂದು ಮನೆಯೊಡತಿ ವಾಸ್ತುಶಿಲ್ಪಿಗೆ ದೂರಿ ಬರೆಯಬೇಕಾಯಿತು. ಪ್ಯಾರಿಸ್‌ನಲ್ಲಿ ವರ್ಷವಿಡೀ ಬೀಳುವ ಮಳೆ 650 ಮಿಲಿಮೀಟರ್ ಆಸುಪಾಸು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು. ಜುಲೈ ಒಂದೇ ತಿಂಗಳಲ್ಲಿ ಪ್ಯಾರಿಸ್‌ನ ಇಡೀ ವರ್ಷದ ಮಳೆಯನ್ನು ಮೀರಿ ಸುರಿಯುವುದು ಮಾಮೂಲು. ಇಲ್ಲಿನ ಗೌಂಡಿಗಳು ತಾರಸಿಯ ಮೇಲೆ ಇಟ್ಟಿಗೆ ಚೂರು, ಚಿಪ್ಪುಸುಣ್ಣ, ಬೆಲ್ಲದ ನೀರು ಬೆರೆಸಿದ ಗಾರೆಯನ್ನು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಕೂರಿಸಿದರು, ನೀರು ಹೋಗಲು ಇಳಿಜಾರು ಕೊಟ್ಟರು. ಹತ್ತು ಹದಿನೈದು ವರ್ಷ ಅದು ತಡೆಯಿತು. ಆಮೇಲೆ ಒಂದೊಂದೇ ಮನೆಯ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಂತು, ಸಿಮೆಂಟ್ ಶೀಟೋ ಬಣ್ಣದ ತಗಡೋ ಬಂದು ಕೂತಿತು. ಈಗ ಕಾಜುಬಾಗದ ಎತ್ತರದ ಕಟ್ಟಡವೊಂದರ ಮೇಲೆ ನಿಂತು ನೋಡಿದರೆ ಚಪ್ಪಟೆ ಮಾಡು ಕಾಣುವುದೇ ಅಪರೂಪ.

ವಾಸ್ತುಶಿಲ್ಪ ಓದಿದ ಗೆಳತಿಯೊಬ್ಬಳು ಈ ತಗಡುಗಳನ್ನು ನೋಡಿ ಮನೆಗಳ ಮುಖವೇ ಕೆಟ್ಟುಹೋಯಿತೆಂದು ಮರುಗಿದ್ದಳು. ನನಗೆ ಹಾಗನ್ನಿಸುವುದಿಲ್ಲ. ಎರಡನೆಯ ಭಾನುವಾರ ಅಂಥ ಒಂದು ತಾರಸಿಗೆ ಹತ್ತಿದಾಗ ತಗಡಿನ ಕೆಳಗೆ ತೆಂಗಿನಕಾಯಿಯ ರಾಶಿ, ಹಗ್ಗದ ಮೇಲೆ ಬಟ್ಟೆ, ಹಳೆಯ ತೊಟ್ಟಿಲು, ಮೇ ತಿಂಗಳಲ್ಲಿ ಒಣಗಿಸಿದ ಮುರುಗಲ ಸಿಪ್ಪೆಯ ಡಬ್ಬ, ಮೂಲೆಯಲ್ಲಿ ಓದುವ ಹುಡುಗನ ಮೇಜು ಎಲ್ಲ ಇದ್ದವು. ಹಂಚಿನ ಮನೆಯ ಅಟ್ಟದಲ್ಲಿ ಏನೇನಿರುತ್ತಿತ್ತೋ ಅದೆಲ್ಲವೂ ಅಲ್ಲಿತ್ತು. ನವ್ಯಶೈಲಿ ಕಿತ್ತುಹಾಕಿದ ಅಟ್ಟವನ್ನು ಮನೆಯವರು ಮೂವತ್ತು ವರ್ಷ ಕಾದು ಮತ್ತೆ ಕಟ್ಟಿಕೊಂಡಿದ್ದರು, ಮತ್ತು ಅದಕ್ಕೆ ನಾಲ್ಕೂ ಕಡೆ ಗಾಳಿಯಿತ್ತು.

ಸರ್ಕಾರಿ ವಸತಿಗೃಹಗಳ ಬಗ್ಗೆ ಹೇಳುವುದು ಕಡಿಮೆ. 1956ರ ನಂತರ ಮೈಸೂರು ರಾಜ್ಯದ ಲೋಕೋಪಯೋಗಿ ಇಲಾಖೆ ಜಿಲ್ಲಾ ಕೇಂದ್ರಗಳಲ್ಲೆಲ್ಲ ಕಟ್ಟಿದಂಥ ಸಾಲುಮನೆಗಳು ಇಲ್ಲೂ ಇವೆ. ಅಳತೆ ಒಂದೇ, ಕಿಟಕಿ ಒಂದೇ, ಬಣ್ಣ ಒಂದೇ. ಕಾರವಾರ ಬಂದು ಸೇರಿದ ಆ ರಾಜ್ಯಕ್ಕೆ ಈ ಹಾದಿಯ ಪರಿಚಯ ಮೊದಲೇ ಆಗಿತ್ತು: ನಾಜಿಗಳ ಜರ್ಮನಿಯನ್ನು ತೊರೆದು ಬಂದ ಓಟೊ ಕೊಯೆನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಕಗೊಂಡು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲೂ ಕಟ್ಟಡಗಳನ್ನು ಮಾಡಿ, ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ಕಟ್ಟಡಗಳನ್ನು ಕುರಿತು ಪಾಠ ಹೇಳಿದವನು. ಕಾರವಾರದ ವಸತಿಗೃಹಗಳಲ್ಲಿ ನನಗೆ ನಿಂತು ನೋಡಬೇಕೆನಿಸುವುದು ಮೆಟ್ಟಿಲ ಬದಿಯ ಸಿಮೆಂಟ್ ಜಾಲಿಯ ಗೋಡೆ ಮಾತ್ರ. ಒಂದಡಿ ಚೌಕದ ಬಿಲ್ಲೆಗಳನ್ನು ಸೈಟಿನಲ್ಲೇ ಅಚ್ಚಿನಲ್ಲಿ ಹೊಯ್ದು, ಏಳು ದಿನ ನೀರಿನಲ್ಲಿಟ್ಟು, ಒಂದರ ಮೇಲೊಂದು ಕೂರಿಸಿದ್ದು. ಪ್ರತಿಯೊಂದು ತೂತಿನ ಕೆಳದಂಡೆಯೂ ಹೊರಕ್ಕೆ ಇಳಿಜಾರಾಗಿದೆ. ಎರಚಲು ಬಂದರೂ ನೀರು ಒಳಗೆ ಬರದೆ ಹೊರಗೇ ಜಾರುತ್ತದೆ, ಗಾಳಿ ಮಾತ್ರ ಬರುತ್ತದೆ. ಬೆಳಿಗ್ಗೆ ಎಂಟರ ಬಿಸಿಲಿಗೆ ಮೆಟ್ಟಿಲುಗಳ ಮೇಲೆ ಆ ಜಾಲಿಯ ನೆರಳು ರಂಗೋಲಿಯಂತೆ ಬಿದ್ದಿತ್ತು. ಹಲವು ಕಡೆ ಅದನ್ನು ಒಡೆದು ಅಲ್ಯೂಮಿನಿಯಂ ಚೌಕಟ್ಟಿನ ಗಾಜು ಹಾಕಿದ್ದಾರೆ. ಅಲ್ಲಿ ಮೆಟ್ಟಿಲ ಗೋಡೆಗಳು ಬೆವರುತ್ತಿವೆ.

ದೊಡ್ಡ ವಾಸ್ತುಶಿಲ್ಪಿಯ ಕೈಯ ನವ್ಯ ಕಟ್ಟಡವನ್ನು ನೋಡಬೇಕೆಂದರೆ ನಮಗೆ ಪಣಜಿ ಹತ್ತಿರ. ಚಾರ್ಲ್ಸ್ ಕೊರಿಯಾ ಮಾಂಡೋವಿಯ ದಂಡೆಯಲ್ಲಿ ರಚಿಸಿದ ಕಲಾ ಅಕಾಡೆಮಿಯಲ್ಲಿ ರಸ್ತೆಯಿಂದ ನದಿಯವರೆಗೆ ಬಾಗಿಲೇ ಇಲ್ಲದಂತೆ ನಡೆದು ಹೋಗಬಹುದು. ಕಾಜುಬಾಗದ ಮನೆಗಳಿಗೆ ಅಂಥ ಹೆಸರಿಲ್ಲ. ಆದರೆ ಜಗುಲಿಯನ್ನು ಬಿಟ್ಟುಕೊಡದ ಹಟ ಇವುಗಳಲ್ಲೂ ಇದೆ: ಮುಂಬಯಿಯ ಫ್ಲ್ಯಾಟಿನ ನಕ್ಷೆಯನ್ನು ತಂದವರೂ ಮುಂಬಾಗಿಲ ಹೊರಗೆ ಕೆಂಪು ಗಾರೆಯ ನೆಲದ, ಎರಡು ಕಲ್ಲುಕಟ್ಟೆಗಳ ಜಗುಲಿಯೊಂದನ್ನು ಸೇರಿಸದೆ ಬಿಟ್ಟಿಲ್ಲ.

ಈ ಮನೆಗಳ ನಿಜವಾದ ಕಾಯಿಲೆ ಸೋರಿಕೆಯಲ್ಲ, ತುಕ್ಕು. ಎರಡು ವರ್ಷದ ಹಿಂದೆ ನನ್ನ ಕೋಣೆಯ ಮಾಡಿನಿಂದ ಊಟದ ತಟ್ಟೆಯಷ್ಟು ಅಗಲದ ತುಂಡೊಂದು ಕಳಚಿ ಮೇಜಿನ ಮೇಲೆ ಬಿತ್ತು. ದುರಸ್ತಿಗೆ ಬಂದವರು ಕಿತ್ತುಬಂದ ಜಾಗಕ್ಕೆ ಗಿಲಾವು ಮೆತ್ತಿ ಬಣ್ಣ ಹೊಡೆದು ಹಣ ತೆಗೆದುಕೊಂಡು ಹೋದರು. ಓದಿದವಳಾದ ನಾನೂ ಅವಸರದಲ್ಲಿ ಒಪ್ಪಿದೆ. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅದೇ ಜಾಗದಲ್ಲಿ ಅದಕ್ಕಿಂತ ದೊಡ್ಡ ತುಂಡು ಬಿತ್ತು. ಕಾರಣ ಇಷ್ಟು: ಹೊಸ ಕಾಂಕ್ರೀಟಿನ ಕ್ಷಾರಗುಣ ಒಳಗಿನ ಸರಳಿಗೆ ಕವಚದಂತಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ಒಳನುಗ್ಗಿ ಆ ಕ್ಷಾರವನ್ನು ಇಳಿಸುತ್ತದೆ. ಸಮುದ್ರದ ಗಾಳಿಯ ಉಪ್ಪು ಕವಚವನ್ನೇ ಮುರಿಯುತ್ತದೆ. ಸರಳು ತುಕ್ಕು ಹಿಡಿಯತೊಡಗಿದರೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಇಂದಿನ ಭಾರತೀಯ ಸಂಹಿತೆ, ಐಎಸ್ 456, ತೀವ್ರ ಪರಿಸರದಲ್ಲಿ ಸರಳಿನ ಹೊರಗೆ ಕನಿಷ್ಠ 45 ಮಿಲಿಮೀಟರ್ ಕಾಂಕ್ರೀಟು ಇರಬೇಕೆನ್ನುತ್ತದೆ. ತಮ್ಮ ಕಾಲದಲ್ಲಿ ಸ್ಲ್ಯಾಬಿಗೆ ಅರ್ಧ ಇಂಚು ಬಿಟ್ಟರೆ ಹೆಚ್ಚಾಯಿತೆನ್ನುತ್ತಿದ್ದರು ಎಂದು ಮಾಮಾ ಹೇಳಿದರು.

ಮೇಲೆ ಮೆತ್ತಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಟೊಳ್ಳು ಸದ್ದು ಬರುವ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಗುರುತಿಸಿ, ಸರಳಿನ ಹಿಂಬದಿಯವರೆಗೆ ಕೆತ್ತಿ ತೆಗೆದು, ತಂತಿಯ ಬ್ರಷ್ಷಿನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ತುಕ್ಕುನಿರೋಧಕ ಲೇಪ ಕೊಟ್ಟು, ಆಮೇಲೆ ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ನನ್ನ ಕೋಣೆಯನ್ನು ಕೊನೆಗೆ ಹಾಗೆ ಮಾಡಿಸಿದವರು ಮಾಮಾ. ಸ್ಟೂಲಿನ ಮೇಲೆ ನಿಂತು ಸ್ವತಃ ತಟ್ಟಿ ಗುರುತು ಹಾಕಿದರು. ತಟ್ಟೆಯಷ್ಟಗಲ ಬಿದ್ದಿದ್ದ ಜಾಗದ ಸುತ್ತ ಚಾಪೆಯಷ್ಟಗಲ ಟೊಳ್ಳಿತ್ತು.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ, ಅದರ ಚಾಲಕನನ್ನು ಬದುಕಿಸಿದ ಸುದ್ದಿ ಬರುವವರೆಗೆ ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ನಾಲ್ಕು ದಶಕಗಳಷ್ಟು ಹಳೆಯದಾದ ಆ ಸೇತುವೆ ನಮ್ಮ ಕಣ್ಣೆದುರೇ ಕಟ್ಟಿದ್ದು. ಅಂದಿನಿಂದ ಹಳೆಯ ಕಾಂಕ್ರೀಟೆಂದರೆ ಜನ ಹೆದರುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದೇ ಭಯವನ್ನು ಮುಂದೆಮಾಡಿ, ತಟ್ಟಿ ನೋಡದೆ, ಒಬ್ಬ ಎಂಜಿನಿಯರನ್ನೂ ಒಳಗೆ ಕರೆಯದೆ ಗಟ್ಟಿಯಾದ ಮನೆಗಳನ್ನೂ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೊದಲ ಭಾನುವಾರ ನಾವು ನೋಡಿದ್ದ, ಉದಯಸೂರ್ಯನ ಕಿರಣಗಳ ಗ್ರಿಲ್ಲಿದ್ದ ಮನೆಯೊಂದರ ಗೇಟು ಎರಡನೆಯ ಭಾನುವಾರ ಗುಜರಿಯ ತಕ್ಕಡಿಯ ಪಕ್ಕದಲ್ಲಿ ಒರಗಿತ್ತು.

ಕೊನೆಗೆ ನಾವು ಹೋದದ್ದು ಕೋಡಿಬಾಗದ ಕಡೆಯ ಒಂದು ಮನೆಗೆ. ಮಾಮಾ ಹುಡುಗರಾಗಿದ್ದಾಗ ಕಲ್ಲು ಹೊತ್ತ ಮೊದಲ ಮನೆಗಳಲ್ಲಿ ಅದೂ ಒಂದು. ಎಂಬತ್ತು ದಾಟಿದ ಮನೆಯೊಡತಿಯನ್ನು ಅವರು ವೈನಿ ಎಂದು ಮಾತನಾಡಿಸಿದರು. ನಾವು ಬಂದ ಕಾರಣ ಕೇಳಿ ಅಜ್ಜಿ ಕಪಾಟಿನ ಸೀರೆಗಳ ಅಡಿಯಿಂದ ಮಡಿಸಿದ ನಕ್ಷೆಯೊಂದನ್ನು ತೆಗೆದರು. ನೀಲಿ ಗೆರೆಗಳ ಅಮೋನಿಯಾ ಪ್ರಿಂಟು. ಮಡಿಕೆಗಳಲ್ಲಿ ಹರಿದಿದೆ, ಮೂಲೆಯಲ್ಲಿ 1964 ಎಂದಿದೆ. “ನಮ್ಮ ಯಜಮಾನ್ರ ಅಣ್ಣ ಮುಂಬಯಿಯಿಂದ ಟಪಾಲಿನಲ್ಲಿ ಕಳ್ಸಿದ್ರು. ಇಲ್ಲಿ ಯಾರಿಗೂ ಪೂರಾ ಓದ್ಲಿಕ್ಕೆ ಬರ್ತಿರ್ಲಿಲ್ಲ” ಎಂದರು. ನಾನು ಅದನ್ನು ಊಟದ ಮೇಜಿನ ಮೇಲೆ ಹರಡಿ ನೋಡುತ್ತ ಹೋದೆ. ತಾರಸಿಯ ಮೇಲೆ ಕುರ್ಚಿಗಳನ್ನು ಬಿಡಿಸಿದ್ದರು. ಸಮುದ್ರದ ಕಡೆಯ ಸಜ್ಜಾ ನಕ್ಷೆಯಲ್ಲಿ ಒಂದೂವರೆ ಅಡಿ. ಮನೆಯಲ್ಲಿ ಅದು ಎರಡೂವರೆ ಅಡಿ ಇರುವುದನ್ನು ನಾನಾಗಲೇ ಅಳೆದಿದ್ದೆ. ಯಾರು ಉದ್ದ ಮಾಡಿದರೆಂದು ಮಾಮಾ ಅವರನ್ನು ಕೇಳಿದೆ. “ಮೇಸ್ತ್ರಿ. ಇಷ್ಟು ಸಾಲ್ದು ಅಂದ್ರು, ಮಾಡಿದ್ವಿ.” ಗೋಡೆಯ ಸೀಳುನೋಟದಲ್ಲಿ, ಸಜ್ಜಾದ ಅಡಿಯ ಅಂಚಿಗೆ ಹತ್ತಿರ, ಸಾಸಿವೆಯಷ್ಟು ಸಣ್ಣ ಅರ್ಧವೃತ್ತವೊಂದು ಕಂಡಿತು. ನಾನು ಅದರ ಮೇಲೆ ಬೆರಳಿಟ್ಟೆ. ಮಾಮಾ ಕನ್ನಡಕವನ್ನು ಹಣೆಗೆ ಏರಿಸಿ ಬಹಳ ಹೊತ್ತು ನೋಡಿದರು.

ಆಮೇಲೆ ಅವರು ಅಜ್ಜಿಯಲ್ಲಿ ಒಂದು ಚೊಂಬು ನೀರು ಕೇಳಿ ಮೇಲಿನ ಬಾಲ್ಕನಿಗೆ ಹೋದರು, ನನ್ನನ್ನು ಕೆಳಗೆ ಅಂಗಳದಲ್ಲಿ ನಿಲ್ಲಿಸಿದರು. ಆ ಪಡುವಣ ಗೋಡೆಯಲ್ಲಿ ಎರಡು ಕಿಟಕಿಗಳು. ಎಡಗಡೆಯದು 1964ರ ಸಜ್ಜಾ. ಬಲಗಡೆಯದು ಮರ ಬಿದ್ದು ಮುರಿದದ್ದರಿಂದ ಐದು ವರ್ಷದ ಹಿಂದೆ ಹೊಸದಾಗಿ ಹೊಯ್ದದ್ದು, ಅಡಿ ನುಣ್ಣಗಿದೆ. ಅವರು ಬಾಗಿ ಮೊದಲು ಬಲಗಡೆಯ ಸಜ್ಜಾದ ಮೇಲೆ ಅರ್ಧ ಚೊಂಬು ಸುರಿದರು. ನೀರು ಅಂಚಿಗೆ ಬಂದು, ಸ್ವಲ್ಪ ಉದುರಿ, ಉಳಿದದ್ದು ಅಡಿಗೆ ತಿರುಗಿ, ನುಣುಪಾದ ಮೈಯಲ್ಲಿ ತೆಳುವಾಗಿ ಒಳಕ್ಕೆ ಹರಿದು ಗೋಡೆಯನ್ನು ತಲುಪಿತು. ಸುಣ್ಣದ ಮೇಲೆ ನಾಲ್ಕು ಕಪ್ಪು ಎಳೆಗಳು ಇಳಿದವು. ಉಳಿದರ್ಧವನ್ನು ಎಡಗಡೆಯ ಸಜ್ಜಾದ ಮೇಲೆ ಸುರಿದರು. ನೀರು ಅಂಚಿಗೆ ಬಂತು, ಅಡಿಗೆ ತಿರುಗಿತು, ಎರಡು ಬೆರಳು ಒಳಕ್ಕೆ ಹರಿಯಿತು, ಅಲ್ಲಿ ಸಾಲಾಗಿ ಹನಿಗಳು ಕಟ್ಟಿಕೊಂಡು ಒಂದೊಂದಾಗಿ ತುಳಸಿಕಟ್ಟೆಯ ಪಕ್ಕದ ಮಣ್ಣಿಗೆ ಬಿದ್ದವು. ನಾನು ಹೋಗಿ ಕಿಟಕಿಯ ಕೆಳಗಿನ ಗೋಡೆಗೆ ಅಂಗೈ ಒತ್ತಿ ನೋಡಿದೆ. ಒಣಗಿತ್ತು. ಮಾಮಾ ಮೇಲಿನಿಂದ, “ಹೇಗಿದೆ ತಂಗಿ?” ಎಂದು ಕೇಳಿದರು.